ಬಾಯಿ ಬಿಡದ ಮಕ್ಕಳು: ಒಂದು ಹೆಸರಿನ ಚರಿತ್ರೆ

ಪೆರಿಕಲ್ಲೂರು ಕಬಿನಿಯ ದಡದ ಊರು. ಎದುರು ದಡದಲ್ಲಿ ಮೈಸೂರು ಜಿಲ್ಲೆಯ ಬೈರಕುಪ್ಪೆ. ಹೊಳೆಯಾಚೆ ಕನ್ನಡ, ಈಚೆ ಮಲಯಾಳವೆಂದು ಭೂಪಟವು ಹೇಳೀತು, ಮನೆಗಳು ಹಾಗೆ ಹೇಳವು. ವಯನಾಡಿನ ಕಾಟ್ಟುನಾಯ್ಕರ ಮನೆಮಾತು ಕನ್ನಡಕ್ಕೆ ಹತ್ತಿರವಾದುದು; ಅವರ ಮಕ್ಕಳ ಶಾಲೆಯ ಪಾಠವಾದರೋ ಮಲಯಾಳದಲ್ಲಿ. ಇಂತಹ ಸೀಮೆಯಲ್ಲಿ ತರಗತಿಯೊಳಗೆ ತುಟಿ ಬಿಚ್ಚದ ಮಗುವನ್ನು ಕಾಣದ ಉಪಾಧ್ಯಾಯರು ವಿರಳ. ಅದನ್ನು ಹಠಮಾರಿಯೆಂದು ಬಗೆದು ಬೆಂಚಿನ ಮೇಲೆ ನಿಲ್ಲಿಸಿದವರಲ್ಲಿ ನಾವೂ ಒಬ್ಬರು.

ಈ ತಪ್ಪು ನಮ್ಮದು ಮಾತ್ರವಲ್ಲ. ಮನೆಯಲ್ಲಿ ಚೆನ್ನಾಗಿ ಮಾತನಾಡಿ ಪರರೆದುರು ಮೌನವಾಗುವ ಈ ಸ್ಥಿತಿಗೆ 1877ರಲ್ಲಿ ಜರ್ಮನಿಯ ವೈದ್ಯ ಆಡಾಲ್ಫ್ ಕುಸ್ಮಾಲನು ‘ಅಫೇಸಿಯ ವಾಲಂಟೇರಿಯ’, ಎಂದರೆ ಸ್ವೇಚ್ಛೆಯ ಮೌನ, ಎಂದು ಹೆಸರಿಟ್ಟನು. 1934ರಲ್ಲಿ ಸ್ವಿಟ್ಜರ್ಲೆಂಡಿನ ಮೊರಿಟ್ಜ್ ಟ್ರಾಮರನು ಅದನ್ನು ‘ಇಲೆಕ್ಟಿವ್ ಮ್ಯೂಟಿಸಮ್’ ಎಂದನು; ಮಗು ತಾನೇ ಮೌನವನ್ನು ಆರಿಸಿಕೊಂಡಿತೆಂಬ ಭಾವ ಅಲ್ಲಿಯೂ ಉಳಿಯಿತು. ಅಮೆರಿಕದ ಮನೋವೈದ್ಯ ಸಂಘವು 1980ರ ಗ್ರಂಥದಲ್ಲಿ ಇದನ್ನು ಮಾತನಾಡಲು ‘ನಿರಾಕರಣೆ’ ಎಂದೇ ವರ್ಣಿಸಿತ್ತು. 1994ರಲ್ಲಿ ಹೆಸರು ‘ಸೆಲೆಕ್ಟಿವ್ ಮ್ಯೂಟಿಸಮ್’ ಎಂದಾಯಿತು; 2013ರಲ್ಲಿ ಅದು ಆತಂಕದ ವ್ಯಾಧಿಗಳ ಸಾಲಿಗೆ ಸೇರಿತು. ಮಗು ಮಾತನಾಡಲೊಲ್ಲದು ಎಂಬುದರಿಂದ ಮಾತನಾಡಲಾರದು ಎಂಬಲ್ಲಿಗೆ ಬರಲು ಪಂಡಿತರಿಗೆ ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು. ಬೆತ್ತ ಹಿಡಿದವರಿಗೆ ಇನ್ನೂ ಹೆಚ್ಚು ಹಿಡಿದರೆ ಆಶ್ಚರ್ಯವೇನು!

ಗಡಿಸೀಮೆಯವರು ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಶಾಲೆಯ ಭಾಷೆ ಬಾರದ್ದರಿಂದ ಸುಮ್ಮನಿರುವ ಮಗುವಿಗೆ ಈ ವ್ಯಾಧಿಯೆನ್ನುವಂತಿಲ್ಲ. ಶಾಲೆಗೆ ಸೇರಿದ ಮೊದಲ ತಿಂಗಳ ಮೌನವನ್ನೂ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಅಂಥ ಮಗುವಿಗೆ ಬೇಕಾದುದು ತನ್ನ ನುಡಿ ಬಲ್ಲ ಅಧ್ಯಾಪಕ. ವಯನಾಡಿನ ಶಾಲೆಗಳಲ್ಲಿ 2017ರಿಂದ ‘ಗೋತ್ರಬಂಧು’ ಯೋಜನೆಯಡಿ ಆದಿವಾಸಿ ಸಮುದಾಯದ ಉಪಾಧ್ಯಾಯರನ್ನೇ ನೇಮಿಸಿದುದು ಈ ದೃಷ್ಟಿಯಿಂದ ಉಚಿತವಾದ ಕಾರ್ಯ. ತನ್ನ ನುಡಿಯಲ್ಲಿ ಕೇಳಿದರೂ ತಿಂಗಳುಗಟ್ಟಲೆ ಉತ್ತರಿಸದ ಮಗುವಿನ ಮಾತು ಬೇರೆ. ಅದನ್ನು ಮೈಸೂರಿನ ವಾಕ್ ಶ್ರವಣ ಸಂಸ್ಥೆಯಂಥಲ್ಲಿ ತೋರಿಸುವುದು ಲೇಸು.

ಚಿಕಿತ್ಸೆಯ ಕ್ರಮವಾದರೋ ಉಪಾಧ್ಯಾಯರ ಕೈಗೆಟುಕದ್ದೇನಲ್ಲ. ಖಾಲಿ ಕೊಠಡಿಯಲ್ಲಿ ತಾಯಿ ಮಗುವಿನೊಡನೆ ಆಡುತ್ತ ಮಾತಾಡಲಿ. ಉಪಾಧ್ಯಾಯರು ಬಾಗಿಲ ಬಳಿ ಬೇರೇನೋ ಕೆಲಸದಲ್ಲಿದ್ದು, ಕೆಲವು ದಿನಗಳಲ್ಲಿ ಹತ್ತಿರವಾಗಿ, ಆಟದೊಳಗೆ ಸೇರಲಿ. ಬಳಿಕ ತಾಯಿ ಮೆಲ್ಲನೆ ಹಿಂದೆ ಸರಿಯಲಿ. ತಲೆಯಾಡಿಸಿ ಮುಗಿಸುವ ಪ್ರಶ್ನೆಗಿಂತ ‘ಕೆಂಪೋ ಹಳದಿಯೋ’ ಎಂಬ ಪ್ರಶ್ನೆ ಮೇಲು. ಕೇಳಿದ ಮೇಲೆ ಕೊಂಚ ಕಾಯಬೇಕು. ಮೊದಲ ಮಾತು ಹೊರಟಾಗ ಚಪ್ಪಾಳೆ ತಟ್ಟಿ ತರಗತಿಗೆಲ್ಲ ಸಾರಬಾರದು. ಹಾಗೆ ಮಾಡಿದರೆ ಮಗು ಮತ್ತೆ ಅಂಜಿ ಮೌನಕ್ಕೆ ಸರಿದೀತು. ಅಲ್ಲಿಯವರೆಗೆ ಹಾಜರಿ ಕೂಗಿದಾಗ ಅದು ಕೈಯೆತ್ತಿದರೆ ಹಾಜರಿ ಹಾಕಿಕೊಳ್ಳೋಣ.