ಸ್ವರ ಉಳಿಯಿತು, ನಾದವೆಲ್ಲಿ?

ಹಳೆಯ ಹಾಡಿನ ಕಟ್ಟುಗಳನ್ನು ಬಿಚ್ಚಿ ನೋಡಿದವರಿಗೆ ಒಂದು ಸಂಗತಿ ತಿಳಿದಿರುತ್ತದೆ. ಹರಿದಾಸರ ಪದಗಳ ಹಸ್ತಪ್ರತಿಗಳಲ್ಲಿ ಎಷ್ಟೋ ಕಡೆ ಪದದ ನೆತ್ತಿಯ ಮೇಲೆ ರಾಗ ತಾಳಗಳ ಹೆಸರಿರುತ್ತದೆ. ಕೆಳಗೆ ಪಲ್ಲವಿ, ಚರಣಗಳು, ಕೊನೆಗೆ ಅಂಕಿತ. ಅಕ್ಷರಕ್ಕೆ ಕೊರತೆಯಿಲ್ಲ. ಆದರೆ ಆ ಪದವನ್ನು ಅಂದು ಯಾವ ಮಟ್ಟಿನಲ್ಲಿ ಹಾಡುತ್ತಿದ್ದರು ಎಂದು ಕೇಳಿದರೆ ಪ್ರತಿ ಮೌನವಾಗಿಬಿಡುತ್ತದೆ. ರಾಗದ ಹೆಸರು ಮನೆಯ ವಿಳಾಸವಿದ್ದಂತೆ. ಆ ಮನೆಯಲ್ಲಿ ಈಗ ಯಾರಿದ್ದಾರೆ ಎಂಬುದನ್ನು ವಿಳಾಸ ಹೇಳಲಾರದು.

ಈ ತೊಡಕು ಓಲೆಗರಿಯ ಕಾಲಕ್ಕೇ ಮುಗಿಯಿತೆಂದು ತಿಳಿಯಬೇಕಾಗಿಲ್ಲ. ಇಂದು ಕಂಪ್ಯೂಟರಿನಲ್ಲಿ ಸಂಗೀತ ಕಟ್ಟುವವರನ್ನೂ ಅದು ಬಿಟ್ಟಿಲ್ಲ. ಹೊರಗಿನ ಸಿಂಥಸೈಸರ್ ವಾದ್ಯವನ್ನು ಕಂಪ್ಯೂಟರಿಗೆ ಜೋಡಿಸಿ ಒಂದು ಹಾಡು ಮಾಡಿದ್ದಾರೆನ್ನಿ. ಹತ್ತು ವರ್ಷದ ಮೇಲೆ ಆ ಕಡತವನ್ನು ತೆರೆದರೆ ಸ್ವರಗಳೆಲ್ಲ ಸಾಲುಸಾಲಾಗಿ ಕಾದು ನಿಂತಿರುತ್ತವೆ. ಅವಕ್ಕೆ ಅಂದು ಜೀವ ಕೊಟ್ಟಿದ್ದ ನಾದ ಮಾತ್ರ ಬರುವುದೋ ಇಲ್ಲವೋ! ಇದು ಏಕೆ ಹೀಗಾಯಿತೆಂದು ತಿಳಿಯಲು ಅರವತ್ತು ವರ್ಷ ಹಿಂದಕ್ಕೆ ಹೋಗಬೇಕು.

1964ರಲ್ಲಿ ಅಮೆರಿಕದ ರಾಬರ್ಟ್ ಮೂಗ್ ಅವರು, ಸಂಗೀತಗಾರ ಹರ್ಬರ್ಟ್ ಡಾಯ್ಚ್ ಅವರ ಜೊತೆಗೂಡಿ, ವಿದ್ಯುತ್ತಿನಿಂದ ನಾದವನ್ನು ಹುಟ್ಟಿಸಿ ತಿದ್ದುವ ತಮ್ಮ ಯಂತ್ರವನ್ನು ರೂಪಿಸಿದರು. ಒಂದು ಪೆಟ್ಟಿಗೆ ನಾದವನ್ನು ಹುಟ್ಟಿಸುವುದು, ಇನ್ನೊಂದು ಅದನ್ನು ಸೋಸುವುದು, ಮತ್ತೊಂದು ಅದರ ಏರಿಳಿತವನ್ನು ನಿಯಂತ್ರಿಸುವುದು. ಇವುಗಳ ನಡುವೆ, ಹಳೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದಂತೆ, ಬಳ್ಳಿಬಳ್ಳಿಯಾಗಿ ತಂತಿಗಳು. ಈ ತಂತಿ ಜೋಡಣೆಗೆ ‘ಪ್ಯಾಚ್’ ಎಂದು ಹೆಸರು. ತಂತಿಗಳಿಲ್ಲದ ಯಂತ್ರಗಳಲ್ಲಿಯೂ ಒಂದು ನಾದಕ್ಕೆ ಇಂದಿಗೂ ಅದೇ ಹೆಸರು ನಿಂತಿದೆ. ಆ ಯಂತ್ರಕ್ಕೆ ನೆನಪಿರಲಿಲ್ಲ. ತಂತಿ ಕಿತ್ತರೆ ನಾದವೂ ಹೋಯಿತು.

1970ರಲ್ಲಿ ಬಂದ ಮಿನಿಮೂಗ್ ಚಿಕ್ಕದು, ಹೊತ್ತೊಯ್ಯಬಹುದಾದದ್ದು; ತಂತಿಗಳ ಕಾಟ ಅದರಲ್ಲಿಲ್ಲ. ಆದರೆ ಅದಕ್ಕೂ ನೆನಪಿಲ್ಲ. ಆದ್ದರಿಂದ ವಾದ್ಯದ ಮುಖವನ್ನು ಅಚ್ಚು ಹಾಕಿದ ಖಾಲಿ ಹಾಳೆಗಳು ಬಳಕೆಗೆ ಬಂದವು. ಯಾವ ತಿರುಗುಗುಂಡಿ ಎಲ್ಲಿದೆಯೆಂದು ಪೆನ್ಸಿಲಿನಿಂದ ಗೆರೆ ಎಳೆದು ಇಟ್ಟುಕೊಳ್ಳಬೇಕು. ಯಂತ್ರದ ನೆನಪು ಹೀಗೆ ಯಂತ್ರದ ಹೊರಗೆ, ಕಾಗದದ ಮೇಲಿತ್ತು. ಗೆರೆ ಕೂದಲೆಳೆಯಷ್ಟು ಜರುಗಿದರೂ ನಾದ ಬೇರೆಯಾಗುತ್ತಿತ್ತು.

ನಮ್ಮ ದೇಶಕ್ಕೂ ಈ ಯಂತ್ರ ಬೇಗನೆಯೇ ಬಂದಿತೆಂಬುದು ಹಲವರಿಗೆ ತಿಳಿಯದು. 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಡೇವಿಡ್ ಟ್ಯೂಡರ್ ಅವರು ಮೂಗ್ ಯಂತ್ರವೊಂದನ್ನು ಸ್ಥಾಪಿಸಿದರು. ಗೀತಾ ಸಾರಾಭಾಯ್ ಮೊದಲಾದವರು ಅಲ್ಲಿ ಕೆಲಸ ಮಾಡಿದರು. ಅವರು ಜೋಡಿಸಿದ ತಂತಿಗಳು ಎಂದೋ ಬಿಚ್ಚಿಹೋದವು. ಆದರೆ ಧ್ವನಿಮುದ್ರಿಸಿದ ಟೇಪುಗಳು ಸಂಸ್ಥೆಯಲ್ಲಿಯೇ ಉಳಿದು, ದಶಕಗಳ ಮೇಲೆ ಕಣ್ಣಿಗೆ ಬಿದ್ದು, 2023ರಲ್ಲಿ ಅವುಗಳ ಸಂಕಲನವೂ ಪ್ರಕಟವಾಯಿತು. ನೆನಪಿಲ್ಲದ ಯಂತ್ರದ ನಾದವನ್ನು ನಾವು ಇಂದು ಕೇಳಬಲ್ಲೆವು. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಯಂತ್ರಕ್ಕೇ ನೆನಪು ಕೊಟ್ಟ ವಾದ್ಯಗಳಲ್ಲಿ ಹೆಸರಾದದ್ದು 1978ರ ಪ್ರಾಫೆಟ್-5. ಕ್ಯಾಲಿಫೋರ್ನಿಯದ ಡೇವ್ ಸ್ಮಿತ್ ಅವರು ಅದರೊಳಗೆ ಪುಟ್ಟ ಕಂಪ್ಯೂಟರ್ ಚಿಪ್ಪನ್ನು ಕೂರಿಸಿ 40 ನಾದಗಳನ್ನು ಕಾದಿರಿಸುವಂತೆ ಮಾಡಿದರು. ಗುಂಡಿ ಒತ್ತಿದರೆ ನಿನ್ನೆಯ ನಾದ ಇಂದೂ ಬಂದು ನಿಲ್ಲುವುದು. ಕಲಾವಿದರಿಗೆ ಇದು ವರವಾಯಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಯಂತ್ರವನ್ನು ಆರಿಸಿದಾಗ ನೆನಪನ್ನು ಕಾಯುತ್ತಿದ್ದುದು ಒಳಗಿನ ಒಂದು ಸಣ್ಣ ಬ್ಯಾಟರಿ. ಮುಂದೆ ಬಂದ ಅನೇಕ ವಾದ್ಯಗಳ ಕಥೆಯೂ ಇದೇ.

1983ರಲ್ಲಿ ಇನ್ನೊಂದು ದೊಡ್ಡ ಹೆಜ್ಜೆ. ಒಂದು ಕಂಪನಿಯ ವಾದ್ಯ ಇನ್ನೊಂದರ ಭಾಷೆಯನ್ನು ತಿಳಿಯದಿದ್ದ ಕಾಲ ಅದು. ಡೇವ್ ಸ್ಮಿತ್ ಅವರೂ ಜಪಾನಿನ ರೋಲ್ಯಾಂಡ್ ಸಂಸ್ಥೆಯ ಇಕುಟಾರೊ ಕಕೇಹಾಶಿ ಅವರೂ ಮುಂದಾಗಿ, ಪೈಪೋಟಿಯ ಕಂಪನಿಗಳನ್ನು ಒಂದು ಒಪ್ಪಂದಕ್ಕೆ ತಂದರು. ಆ ಸಮಾನ ಭಾಷೆಗೆ ‘ಮಿಡಿ’ ಎಂದು ಹೆಸರು. ಮೊದಲ ಭಾಷಾಂತರಕಾರನಿಲ್ಲದೆ ಎರಡು ಕಂಪನಿಗಳ ವಾದ್ಯಗಳು ಆ ವರ್ಷದ ಜನವರಿಯಲ್ಲಿ ಸಾರ್ವಜನಿಕವಾಗಿ ಮಾತಾಡಿಕೊಂಡವು. ಈ ಕೆಲಸಕ್ಕಾಗಿ ಇಬ್ಬರಿಗೂ 2013ರಲ್ಲಿ ತಾಂತ್ರಿಕ ಗ್ರ್ಯಾಮಿ ಗೌರವ ಸಂದಿತು.

ನಮ್ಮ ತೊಡಕಿನ ಗಂಟು ಇಲ್ಲಿಯೇ ಇದೆ. ಮಿಡಿ ಸಾಗಿಸುವುದು ನಾದವನ್ನಲ್ಲ, ಆಜ್ಞೆಯನ್ನು. ಯಾವ ಸ್ವರ, ಎಷ್ಟು ಬಲ, ಎಷ್ಟು ಹೊತ್ತು—ಇಷ್ಟೇ. ಯಾವ ನಾದದಲ್ಲಿ ನುಡಿಸಬೇಕೆಂದು ಹೇಳಲು 128ರೊಳಗಿನ ಒಂದು ಸಂಖ್ಯೆಯನ್ನು ಕಳುಹಿಸುತ್ತದೆ. ‘37ನೆಯ ಕೋಣೆಯಲ್ಲಿರುವವನನ್ನು ಕರೆ’ ಎಂದ ಹಾಗೆ. ಆ ಕೋಣೆಯಲ್ಲಿ ಇಂದು ಯಾರಿದ್ದಾರೋ ಅವರೇ ಎದ್ದು ಬರುತ್ತಾರೆ. 1991ರಲ್ಲಿ ಈ ಸಂಖ್ಯೆಗಳಿಗೆ ಒಂದು ಸಾಮಾನ್ಯ ಪಟ್ಟಿಯನ್ನೂ ಮಾಡಿದರು. ಅದರಲ್ಲಿ 105 ಎಂದರೆ ಸಿತಾರ್. ಆದರೆ ಒಂದು ಯಂತ್ರದ ಸಿತಾರಿನಂತೆ ಇನ್ನೊಂದರದು ಕೇಳಿಸದು. ರಾಗದ ಹೆಸರಿದ್ದೂ ಮಟ್ಟು ಬೇರೆಯಾದ ಹಾಗೆ.

ಇದಕ್ಕೆ ಮದ್ದಿಲ್ಲವೆಂದಲ್ಲ. ನಾದದ ಪೂರ್ಣ ವಿವರವನ್ನೇ ಕಂಪ್ಯೂಟರಿಗೆ ಸಾಗಿಸುವ ಪ್ರತ್ಯೇಕ ಸಂದೇಶವೊಂದನ್ನು ಮಿಡಿಯಲ್ಲಿಯೇ ಇಟ್ಟಿದ್ದಾರೆ. 1983ರ ಯಮಾಹ ಡಿಎಕ್ಸ್-7 ತನ್ನ 32 ನಾದಗಳನ್ನೂ ಸುಮಾರು 4,100 ಬೈಟುಗಳಲ್ಲಿ ಒಪ್ಪಿಸಿಬಿಡುತ್ತದೆ. ಒಂದೆರಡು ಸೆಕೆಂಡಿನ ಕೆಲಸ. ಕಡತದ ಮೊದಲಿಗೆ ಅದನ್ನು ಸೇರಿಸಿಟ್ಟರೆ, ಮುಂದೆ ತೆರೆದಾಗ ವಾದ್ಯಕ್ಕೆ ಮರಳಿ ಪಾಠ ಹೇಳಿಕೊಟ್ಟಂತಾಯಿತು. ಆದರೆ ಹಾಡು ಕುದಿಯುತ್ತಿರುವಾಗ ಇಂಥ ಲೆಕ್ಕ ಬರೆಯುವ ತಾಳ್ಮೆ ಯಾರಿಗಿರುತ್ತದೆ?

ನನ್ನ ಗೆಳೆಯನೊಬ್ಬನ ಅನುಭವ ಹೇಳುತ್ತೇನೆ. 2004ರಲ್ಲಿ ನಮ್ಮ ಹವ್ಯಾಸಿ ತಂಡದ ನಾಟಕಕ್ಕೆ ಅವನು ಸಂಗೀತ ಕೂಡಿಸಿದ್ದ. ಕೆರೆ ಬತ್ತಿದ ಊರಿನ ಕಥೆ. ನಿರ್ದೇಶಕರಾಗಿದ್ದ ಹಿರಿಯರು ಅವನ ಪಕ್ಕದಲ್ಲಿ ಕುಳಿತು, ಖಾಲಿ ಕೊಡದ ಬಾಯಿಗೆ ಗಾಳಿ ಬಿದ್ದಂಥ ನಾದ ಬರುವ ತನಕ ಬಿಡಲಿಲ್ಲ. ‘ಇನ್ನೂ ಒಣಗಬೇಕಪ್ಪಾ’ ಎನ್ನುತ್ತಿದ್ದರು. ಆ ಹಿರಿಯರು ಈಗಿಲ್ಲ. ಅವರ ನೆನಪಿಗೆಂದು ನಾಟಕವನ್ನು ಮತ್ತೆ ಆಡಲು ಹೊರಟು ಕಡತ ತೆರೆದರೆ ಸ್ವರಗಳೆಲ್ಲ ಇದ್ದವು, ವಾದ್ಯವೂ ಇತ್ತು. ಒಳಗಿನ ಬ್ಯಾಟರಿ ಸತ್ತು ಎಷ್ಟು ಕಾಲವಾಗಿತ್ತೋ! ಕೊಡದ ಗಾಳಿಯ ಜಾಗದಲ್ಲಿ ಗಂಟೆಯಂಥದೊಂದು ಸದ್ದು ಕಿಣಿಕಿಣಿ ಎಂದಿತು.

ಕೊನೆಗೆ ಕೈಹಿಡಿದದ್ದು ತಾಲೀಮಿನ ಒಂದು ಹಳೆಯ ಕ್ಯಾಸೆಟ್ಟು. ಅದರಲ್ಲಿ ಆ ನಾದವಿತ್ತು. ಅದರ ಮೇಲೆ ಹಿರಿಯರು ನಟರನ್ನು ಗದರುವ ದನಿಯೂ ಇತ್ತು. ಗೆಳೆಯ ನಾಲ್ಕು ದಿನ ಅದನ್ನು ಕೇಳುತ್ತ ಗುಂಡಿ ತಿರುಗಿಸಿದ. ‘ಹತ್ತಿರ ಬಂತು ಕಣೋ, ಆದರೆ ಅದೇ ಅಲ್ಲ’ ಎಂದ. ಈ ಸಲ ನಾದದ ವಿವರವನ್ನು ಕಡತದೊಳಗಿಟ್ಟ, ನಾದವನ್ನೇ ಧ್ವನಿಮುದ್ರಿಸಿದ, ಗುಂಡಿಗಳ ಸ್ಥಾನವನ್ನು ಪುಸ್ತಕದಲ್ಲಿಯೂ ಬರೆದ.

ವಾದ್ಯವೇ ಕಂಪ್ಯೂಟರಿನೊಳಗೆ ಬಂದರೆ ಈ ಗೋಳಿಲ್ಲವಲ್ಲ ಎಂದು ಓದುಗರು ಕೇಳಬಹುದು. 1999ರ ಹೊತ್ತಿಗೆ ಹಾಗೂ ಆಯಿತು. ತಂತ್ರಾಂಶದ ವಾದ್ಯಗಳು ತಮ್ಮ ನಾದದ ವಿವರವನ್ನು ಹಾಡಿನ ಕಡತದಲ್ಲಿಯೇ ಇಟ್ಟುಕೊಂಡವು. ಆದರೆ 2019ರಲ್ಲಿ ಆ್ಯಪಲ್ ಕಂಪ್ಯೂಟರುಗಳು ಹಳೆಯ 32 ಬಿಟ್ಟಿನ ತಂತ್ರಾಂಶಗಳನ್ನು ಕೈಬಿಟ್ಟಾಗ, ಹೊಸದಾಗಿ ಬರೆಯದ ವಾದ್ಯಗಳೆಲ್ಲ ಆ ಹೊಸ ವ್ಯವಸ್ಥೆಯಲ್ಲಿ ಮೂಕವಾದವು. ವಿವರವಿದೆ, ಓದುವವನಿಲ್ಲ. ಲಿಪಿ ಉಳಿದು ಬಲ್ಲವರು ಹೋದ ಶಾಸನದ ಸ್ಥಿತಿ.

ಯಂತ್ರ ಮರೆಯುತ್ತದೆಂದು ದೂರಿ ಫಲವಿಲ್ಲ. ನೆನಪನ್ನು ಒಂದೇ ಕಡೆ ಇಡುವವರು ಎಂದಾದರೊಮ್ಮೆ ಕಳೆದುಕೊಳ್ಳುತ್ತಾರೆ. ಸಂಖ್ಯೆಯನ್ನಷ್ಟೇ ಬರೆದಿಟ್ಟರೆ ಸಾಲದು, ವಿವರವನ್ನಷ್ಟೇ ಬರೆದಿಟ್ಟರೂ ಸಾಲದು. ಹಾಡು ಮುಗಿದ ದಿನವೇ ನಾದವನ್ನು ಒಮ್ಮೆ ಧ್ವನಿಮುದ್ರಿಸಿ ತೆಗೆದಿಡಬೇಕು. ಅಹಮದಾಬಾದಿನ ಟೇಪುಗಳು ಉಳಿದದ್ದರಿಂದಲೇ ಅಲ್ಲಿಯ ತಂತಿಗಳು ಏನು ನುಡಿದವೆಂದು ನಮಗೆ ಗೊತ್ತು. ಹರಿದಾಸರ ಕಾಲದಲ್ಲಿ ಆ ಸೌಕರ್ಯವಿರಲಿಲ್ಲ, ನಮಗಿದೆ.