ಇಂದಿರಾಬಾಯಿ

ಇಂದಿರಾಬಾಯಿ: ಗುಲ್ವಾಡಿ ವೆಂಕಟರಾಯರ (1844–1913) ಕಾದಂಬರಿ. 1899ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾಯಿತು. ಪೂರ್ಣ ಹೆಸರು ‘ಇಂದಿರಾಬಾಯಿ ಅಥವಾ ಸದ್ಧರ್ಮವಿಜಯವು’. ಕೆಂಪುನಾರಾಯಣನ ‘ಮುದ್ರಾಮಂಜೂಷ’ (1823), ಗದಗಕರ ‘ಸೂರ್ಯಕಾಂತ’ (1892) ಇದಕ್ಕಿಂತ ಹಿಂದಿನವಾದರೂ ಕನ್ನಡದ ಮೊದಲ ಸ್ವತಂತ್ರ ಸಾಮಾಜಿಕ ಕಾದಂಬರಿ ಎಂಬ ಹೆಸರು ಸಾಮಾನ್ಯವಾಗಿ ಇದಕ್ಕೇ ಸಲ್ಲುತ್ತದೆ. ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ, ಅಂದಿನ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಹುಟ್ಟಿದ ಈ ಕೃತಿ ಕಾಲದ ಲೆಕ್ಕದಲ್ಲಿ ನಮ್ಮ ವಿಕ್ಟೋರಿಯನ್ ಕಾದಂಬರಿ. ಸಹವಾಸದಿಂದ ಮನುಷ್ಯ ಹೇಗೆ ಕೆಡುತ್ತಾನೆ, ಹೇಗೆ ಉಳಿಯುತ್ತಾನೆ ಎಂಬುದೇ ಇದರ ಮುಖ್ಯ ವಿಚಾರ.

ಕಥೆ ನಡೆಯುವುದು ಕಮಲಪುರ ಎಂಬ ಊರಿನಲ್ಲಿ. ಓದುಗರು ಅದರಲ್ಲಿ ಮಂಗಳೂರನ್ನೇ ಕಂಡಿದ್ದಾರೆ. ಭೀಮರಾಯ, ಅಂಬಾಬಾಯಿ ದಂಪತಿಯ ಮಗಳು ಇಂದಿರಾಬಾಯಿ ಎಳೆಯ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಳ್ಳುತ್ತಾಳೆ. ಮನೆಯಲ್ಲಿ ಹಣಕ್ಕೆ ಕೊರತೆಯಿಲ್ಲ. ಭಜನೆಯ ಹೆಸರಿನಲ್ಲಿ ಬಂದು ಸೇರುವ ಸಂತಮಂಡಳಿಗೂ ಕೊರತೆಯಿಲ್ಲ. ಸಂತರ ಕಣ್ಣು ಹುಡುಗಿಯ ಮೇಲೆ ಬೀಳುತ್ತದೆ. ಅವರ ಸೇವೆ ಮಾಡುವುದೇ ವಿಧವೆಯ ಪುಣ್ಯವೆಂದು ಹೆತ್ತವರೇ ಮಗಳನ್ನು ಒತ್ತಾಯಿಸುತ್ತಾರೆ. ಅವಳು ಒಪ್ಪದೆ ಮನೆ ಬಿಟ್ಟು ಹೋಗಿ ಅಮೃತರಾಯನೆಂಬವನ ಆಶ್ರಯ ಸೇರುತ್ತಾಳೆ, ಅಲ್ಲಿದ್ದುಕೊಂಡು ಓದುತ್ತಾಳೆ. ಇಂಗ್ಲೆಂಡಿಗೆ ಹೋಗಿ ಸಿವಿಲ್ ಸರ್ವಿಸ್ ಸೇರಿ ಮರಳಿದ ಭಾಸ್ಕರರಾಯನೊಂದಿಗೆ ಅವಳ ಮರುಮದುವೆಯಾಗುತ್ತದೆ.

ಕೆಡುಕು ಇಲ್ಲಿ ಕೆಡುಕಿನ ವೇಷದಲ್ಲಿ ಬರುವುದಿಲ್ಲ ಎಂಬುದೇ ಕೃತಿಯ ದೊಡ್ಡ ಕಾಣ್ಕೆ. ತಾಳ ತಂಬೂರಿ ಹಿಡಿದು, ಹಣೆಗೆ ನಾಮವಿಟ್ಟು, ದೇವರ ಹೆಸರು ಹೇಳುತ್ತ ಅದು ಅಂಗಳ ದಾಟಿ ಒಳಗೆ ಬರುತ್ತದೆ. ಮನೆಯವರು ಕಾಲು ತೊಳೆದು ಮಣೆ ಹಾಕುತ್ತಾರೆ. ಅಂಬಾಬಾಯಿ ಮಗಳಿಗೆ ಕೇಡು ಬಯಸುವ ತಾಯಿಯಲ್ಲ. ತಾನು ಮಾಡುತ್ತಿರುವುದು ಧರ್ಮವೆಂದೇ ಅವಳು ನಂಬಿದ್ದಾಳೆ. ಅಪಾಯವಿರುವುದು ಆ ನಂಬಿಕೆಯಲ್ಲೇ. ಲಂಪಟನೊಬ್ಬ ಬಾಗಿಲು ತಟ್ಟಿದ್ದರೆ ಭೀಮರಾಯ ಅಟ್ಟಿಬಿಡುತ್ತಿದ್ದ. ಗುರುವೆಂದು ಬಂದವನನ್ನು ಅಟ್ಟಲು ಅವನಿಗೆ ಮನಸ್ಸೂ ಇಲ್ಲ, ಧೈರ್ಯವೂ ಇಲ್ಲ. ಭಕ್ತಿ ವಿವೇಚನೆಯನ್ನು ನುಂಗಿದಾಗ ಮನೆಯೊಂದು ಹೊರಗಿನ ಯಾವ ಬಲವಂತವೂ ಇಲ್ಲದೆ ಒಳಗಿನಿಂದ ಹೇಗೆ ಕುಸಿಯುತ್ತದೆಂದು ತೋರಿಸಿದ ಕಾದಂಬರಿ ಕನ್ನಡದಲ್ಲಿ ಇದಕ್ಕಿಂತ ಮೊದಲು ಇರಲಿಲ್ಲ. ವೆಂಕಟರಾಯರು ಪೊಲೀಸ್ ಇಲಾಖೆಯ ಅಧಿಕಾರಿಯಾಗಿದ್ದವರು. ಹೊರಗಿನ ಮರ್ಯಾದೆಯನ್ನು ದಾಟಿ ಒಳಗಿನ ವ್ಯವಹಾರವನ್ನು ಅಳೆಯುವ ಕಣ್ಣು ಆ ವೃತ್ತಿಯಲ್ಲಿ ಪಳಗಿದ್ದಿರಬೇಕು.

ಸಹವಾಸದಿಂದ ಮನುಷ್ಯ ಕೆಡುವ ಇದೇ ವಸ್ತುವನ್ನು ಆಸ್ಕರ್ ವೈಲ್ಡ್ ‘ದಿ ಪಿಕ್ಚರ್ ಆಫ್ ಡೋರಿಯನ್ ಗ್ರೇ’ (ಪತ್ರಿಕೆಯಲ್ಲಿ 1890, ಪುಸ್ತಕವಾಗಿ 1891) ಕಾದಂಬರಿಯಲ್ಲಿ ಬೇರೆ ದಾರಿಯಲ್ಲಿ ಹಿಡಿದಿದ್ದ. ಅಲ್ಲಿ ಲಾರ್ಡ್ ಹೆನ್ರಿಯ ಮೋಹಕ ಮಾತು ಚೆಲುವನಾದ ತರುಣನೊಬ್ಬನ ಮನಸ್ಸನ್ನು ಹೊಕ್ಕು ಅವನನ್ನು ಕೊಲೆಯವರೆಗೆ ಒಯ್ಯುತ್ತದೆ. ಅವನ ಪಾಪವೆಲ್ಲ ಅಟ್ಟದ ಮೇಲೆ ಅಡಗಿಸಿಟ್ಟ ಚಿತ್ರಪಟದಲ್ಲಿ ಮೂಡುತ್ತದೆ, ಮುಖ ಮಾತ್ರ ಮಾಸುವುದಿಲ್ಲ. ಗುಲ್ವಾಡಿಯವರಲ್ಲಿ ಅಂಥ ಮಾಯೆಯ ಪಟವಿಲ್ಲ. ಡೋರಿಯನ್ ಸ್ವಸುಖಕ್ಕಾಗಿ ಮಾತಿಗೆ ಮರುಳಾದರೆ ಭೀಮರಾಯ ದಂಪತಿ ಪರಲೋಕಕ್ಕಾಗಿ ಮರುಳಾಗುತ್ತಾರೆ. ಬೆಲೆ ತೆರಬೇಕಾದವಳು ಮಾತ್ರ ತಾನು ಮರುಳಾಗದ ಮಗಳು.

ಕಾದಂಬರಿ ಹುಟ್ಟಿದ ಊರಲ್ಲಿ ಆಗ ಹೊಸ ಗಾಳಿ ಬೀಸುತ್ತಿತ್ತು. 1870ರಲ್ಲೇ ಉಳ್ಳಾಲ ರಘುನಾಥಯ್ಯನವರ ಮುಂದಾಳುತನದಲ್ಲಿ ಮಂಗಳೂರಿಗೆ ಬ್ರಹ್ಮಸಮಾಜ ಬಂದಿತ್ತು. 1897ರಲ್ಲಿ ಕುದ್ಮುಲ್ ರಂಗರಾಯರು ದಲಿತರ ಏಳಿಗೆಗಾಗಿ ಸಂಸ್ಥೆ ಕಟ್ಟಿದ್ದರು. ಹಾಗಿದ್ದೂ ಕಡಲು ದಾಟಿದವರನ್ನು ಜಾತಿಯಿಂದ ಹೊರಗಿಡುವ ಕಟ್ಟುಪಾಡು ಜೀವಂತವಾಗಿತ್ತು. ವಿಧವಾ ವಿವಾಹಕ್ಕೆ 1856ರ ಕಾಯಿದೆ ಒಪ್ಪಿಗೆ ಕೊಟ್ಟಿದ್ದರೂ ಮನೆಗಳು ಕೊಟ್ಟಿರಲಿಲ್ಲ. ಘಟ್ಟದ ಮೇಲೆ ಮೈಸೂರು ಸಂಸ್ಥಾನ 1894ರಲ್ಲಿ ಎಂಟು ತುಂಬದ ಹುಡುಗಿಯರ ಮದುವೆಯನ್ನು ನಿಷೇಧಿಸಿತು. ಐವತ್ತು ದಾಟಿದ ಗಂಡಸು ಹದಿನಾಲ್ಕರೊಳಗಿನ ಹುಡುಗಿಯನ್ನು ಮದುವೆಯಾಗುವುದೂ ಅಲ್ಲಿ ಅಪರಾಧವಾಯಿತು. ಇಂದಿರೆಯಂಥವರು ಮನೆಮನೆಯಲ್ಲಿದ್ದ ಕಾಲವದು.

ಕೃತಿಯ ದೌರ್ಬಲ್ಯವನ್ನೂ ಹೇಳಬೇಕು. ಸಂತರ ಹಿಡಿತವನ್ನು ಅಷ್ಟು ನಿಷ್ಠುರವಾಗಿ ಪರೀಕ್ಷಿಸುವ ಲೇಖಕ ಇಂಗ್ಲಿಷ್ ವಿದ್ಯೆಯ, ಈಸ್ಟ್ ಇಂಡಿಯಾ ಕಂಪನಿಯ ನಂತರ ಬಂದ ಬ್ರಿಟಿಷ್ ಸರ್ಕಾರದ ಹಿಡಿತವನ್ನು ಹಾಗೆ ಪರೀಕ್ಷಿಸುವುದಿಲ್ಲ. ಅದೂ ಮನಸ್ಸನ್ನು ಮಾರ್ಪಡಿಸುವ ಪ್ರಭಾವವೇ ಆಗಿದ್ದರೂ ಇಲ್ಲಿ ಅದು ಬರಿಯ ಬೆಳಕಾಗಿಯೇ ಉಳಿಯುತ್ತದೆ. ಒಳ್ಳೆಯವರು ತುಸು ಹೆಚ್ಚೇ ಒಳ್ಳೆಯವರಾಗಿ, ಗೆಲುವು ಶೀರ್ಷಿಕೆಯಲ್ಲೇ ಗೊತ್ತಾಗಿಬಿಡುತ್ತದೆ. ಆದರೆ ಹೊಸ್ತಿಲು ದಾಟುವ ಇಂದಿರೆಯ ನಿರ್ಧಾರವನ್ನು ಯಾರೂ ಅವಳಿಗೆ ಹೇಳಿಕೊಟ್ಟದ್ದಲ್ಲ. ಸುತ್ತಲಿನ ಎಲ್ಲ ಪ್ರಭಾವಗಳ ನಡುವೆ ಒಂದು ಹೆಣ್ಣುಮನಸ್ಸು ತನ್ನದೇ ತೀರ್ಮಾನ ಮಾಡಿದ ಆ ಗಳಿಗೆಗಾಗಿಯೇ ಕಾದಂಬರಿ ಇಂದಿಗೂ ಓದಿಸಿಕೊಳ್ಳುತ್ತದೆ.

1903ರಲ್ಲಿ ಎಂ. ಇ. ಕೌಚ್‌ಮನ್ ಇದನ್ನು ಇಂಗ್ಲಿಷಿಗೆ ತಂದರು. ವನಮಾಲ ವಿಶ್ವನಾಥ ಮತ್ತು ಶಿವರಾಮ ಪಡಿಕ್ಕಲ್ ಮಾಡಿದ ಹೊಸ ಅನುವಾದವನ್ನು 2019ರಲ್ಲಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ ಪ್ರಕಟಿಸಿತು. ಗುಲ್ವಾಡಿಯವರು ಮುಂದೆ ‘ಭಾಗೀರಥಿ’ (1900), ‘ಸೀಮಂತಿನಿ’ (1907) ಬರೆದರು. ಬೋಳಾರ ಬಾಬುರಾಯರ ‘ವಾಗ್ದೇವಿ’ (1905) ಕರಾವಳಿಯಲ್ಲೇ ಇದರ ಬೆನ್ನಿಗೆ ಬಂತು. ಅಮಲ್ದಾರರಾಗಿದ್ದ ಎಂ. ಎಸ್. ಪುಟ್ಟಣ್ಣನವರ ‘ಮಾಡಿದ್ದುಣ್ಣೋ ಮಹಾರಾಯ’ (1915) ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಮೈಸೂರು ಸೀಮೆಯನ್ನು ಕಾದಂಬರಿಗೆ ತಂದಿತು.