ಫ್ರೀಮೇಸನ್ ಸಂಘಟನೆಯಲ್ಲಿ ಧರ್ಮಸಹಿಷ್ಣುತೆ: ಒಂದು ಚಾರಿತ್ರಿಕ ನೋಟ

ಫ್ರೀಮೇಸನ್ ಎಂಬ ಹೆಸರು ಕೇಳಿದೊಡನೆ ನಮ್ಮಲ್ಲಿ ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. ಕೆಲವರು ಅದನ್ನು ತೆರೆಮರೆಯಲ್ಲಿ ಜಗತ್ತನ್ನೇ ಆಡಿಸುವ ಗುಪ್ತಕೂಟ, ಯಹೂದ್ಯರ ಸೃಷ್ಟಿ ಎನ್ನುತ್ತಾರೆ. ಇನ್ನು ಕೆಲವರು ಜಾತಿ ಮತಗಳ ಭೇದವಿಲ್ಲದ ವಿಶ್ವಸೋದರತ್ವ ಎಂದು ಕೊಂಡಾಡುತ್ತಾರೆ. ಈ ಎರಡು ಮಾತುಗಳನ್ನೂ ಇತಿಹಾಸದ ಒರೆಗಲ್ಲಿಗೆ ಹಚ್ಚಿ ನೋಡಿದರೆ ಎರಡೂ ಪೂರ್ತಿ ನಿಜವಲ್ಲ ಎಂಬುದು ತಿಳಿಯುತ್ತದೆ. ಎಲ್ಲ ಧರ್ಮದವರಿಗೂ ಬಾಗಿಲು ತೆರೆದಿದೆ ಎಂದು ಸಾರಿದ ಸಂಘಟನೆಯೊಂದು ಮುನ್ನೂರು ವರ್ಷಗಳಲ್ಲಿ ಯಾರನ್ನು ಒಳಗೆ ಕರೆಯಿತು, ಯಾರನ್ನು ಹೊಸ್ತಿಲಲ್ಲೇ ನಿಲ್ಲಿಸಿತು ಎಂಬುದನ್ನು ಈ ಲೇಖನದಲ್ಲಿ ಪರಿಶೀಲಿಸೋಣ.

ಮೇಸ್ತ್ರಿಗಳ ಸಂಘದಿಂದ ಮಹನೀಯರ ಕೂಟಕ್ಕೆ

ಮೇಸನ್ ಎಂದರೆ ಕಲ್ಲುಕೆಲಸದವನು, ನಮ್ಮ ಆಡುಮಾತಿನಲ್ಲಿ ಹೇಳುವುದಾದರೆ ಮೇಸ್ತ್ರಿ. ಮಧ್ಯಯುಗದ ಯುರೋಪಿನಲ್ಲಿ ದೊಡ್ಡ ದೊಡ್ಡ ಚರ್ಚುಗಳನ್ನು ಕಟ್ಟುತ್ತಿದ್ದ ಕುಶಲಕರ್ಮಿಗಳಿಗೆ ತಮ್ಮದೇ ಆದ ಸಂಘ, ನಿಯಮ, ಗುರುತಿನ ಸಂಕೇತಗಳಿದ್ದವು. ಅವರು ಸೇರುತ್ತಿದ್ದ ಜಾಗಕ್ಕೆ ಲಾಡ್ಜ್ ಎಂಬ ಹೆಸರಿತ್ತು. ನಮ್ಮ ಊರುಗಳಲ್ಲಿ ಬಸ್ ನಿಲ್ದಾಣದ ಪಕ್ಕದಲ್ಲಿ ಕಾಣುವ ಲಾಡ್ಜ್‌ಗೂ ಇದಕ್ಕೂ ಸಂಬಂಧವಿಲ್ಲ. ಕ್ರಮೇಣ ಕಲ್ಲು ಮುಟ್ಟದ ಶ್ರೀಮಂತರು, ವಿದ್ವಾಂಸರು, ಸೇನಾಧಿಕಾರಿಗಳು ಈ ಲಾಡ್ಜ್‌ಗಳಿಗೆ ಸೇರತೊಡಗಿದರು. ಅವರಿಗೆ ಗುಣಿಗಜ, ತೂಗುಗುಂಡು, ಏಪ್ರನ್‌ಗಳು ಕೇವಲ ನೀತಿಯ ಸಂಕೇತಗಳಾದವು. 1717ರಲ್ಲಿ ಲಂಡನ್ನಿನ ನಾಲ್ಕು ಲಾಡ್ಜ್‌ಗಳು ಸೇರಿ ಗ್ರ್ಯಾಂಡ್ ಲಾಡ್ಜ್ ಸ್ಥಾಪಿಸಿದವು ಎಂಬುದು ಅವರ ಪರಂಪರೆಯ ಮಾತು.

1723ರಲ್ಲಿ ಜೇಮ್ಸ್ ಆಂಡರ್ಸನ್ ಎಂಬ ಸ್ಕಾಟ್ಲೆಂಡಿನ ಪಾದ್ರಿ ಸಿದ್ಧಪಡಿಸಿದ ನಿಯಮಾವಳಿ ಪ್ರಕಟವಾಯಿತು. ಅದರ ಮೊದಲನೆಯ ವಿಧಿಯೇ ದೇವರು ಮತ್ತು ಧರ್ಮಕ್ಕೆ ಸಂಬಂಧಿಸಿದ್ದು. ಹಿಂದೆ ಮೇಸನ್‌ಗಳು ತಾವಿರುವ ದೇಶದ ಧರ್ಮವನ್ನೇ ಅನುಸರಿಸಬೇಕಿತ್ತು. ಇನ್ನು ಮುಂದೆ ಎಲ್ಲ ಸಜ್ಜನರೂ ಒಪ್ಪುವ ಧರ್ಮ ಸಾಕು, ಉಳಿದ ವಿಶೇಷ ಅಭಿಪ್ರಾಯಗಳು ಅವರವರಿಗೆ ಬಿಟ್ಟಿದ್ದು ಎಂಬುದು ಅದರ ತಾತ್ಪರ್ಯ. ಆದರೆ ನಾಸ್ತಿಕನಿಗೆ ಅಲ್ಲಿ ಸ್ಥಾನವಿರಲಿಲ್ಲ. ಲಾಡ್ಜ್‌ನೊಳಗೆ ಧರ್ಮ ಮತ್ತು ರಾಜಕೀಯದ ಜಗಳಕ್ಕೂ ಅವಕಾಶವಿರಲಿಲ್ಲ.

ಕೆಥೊಲಿಕರು ಮತ್ತು ಪ್ರೊಟೆಸ್ಟಂಟರು ಒಬ್ಬರನ್ನೊಬ್ಬರು ಕೊಂದ ನೆನಪು ಇನ್ನೂ ಹಸಿಯಾಗಿದ್ದ ಯುರೋಪಿನಲ್ಲಿ ಇದು ಸಣ್ಣ ಮಾತಲ್ಲ. 1730ರ ದಶಕದಲ್ಲೇ ಲಂಡನ್ನಿನ ಲಾಡ್ಜ್‌ಗಳಲ್ಲಿ ಯಹೂದ್ಯ ಸದಸ್ಯರಿದ್ದರು. 1738ರಲ್ಲಿ ಪೋಪ್ 12ನೇ ಕ್ಲೆಮೆಂಟ್ ಈ ಸಂಘಟನೆಯನ್ನು ಖಂಡಿಸಿ ಆಜ್ಞೆ ಹೊರಡಿಸಿದಾಗ ಅವರು ಎತ್ತಿದ ಆಕ್ಷೇಪಗಳಲ್ಲಿ ರಹಸ್ಯದ ಪ್ರಮಾಣದ ಜೊತೆಗೆ, ಬೇರೆ ಬೇರೆ ಧರ್ಮ ಪಂಗಡಗಳ ಜನ ಒಟ್ಟಿಗೆ ಸೇರುತ್ತಾರೆ ಎಂಬುದೂ ಇತ್ತು. ಅಂದರೆ ಸಹಿಷ್ಣುತೆಯೇ ಅಂದು ಒಂದು ಆರೋಪವಾಗಿತ್ತು!

ಜರ್ಮನಿಯಲ್ಲಿ ಮುಚ್ಚಿದ ಬಾಗಿಲು

ನಿಯಮ ಎಷ್ಟೇ ಉದಾರವಾಗಿದ್ದರೂ ಹೊಸಬನನ್ನು ಸೇರಿಸಿಕೊಳ್ಳುವವರು ಆಯಾ ಲಾಡ್ಜ್‌ನ ಸದಸ್ಯರು. ಅರ್ಜಿ ಬಂದಾಗ ಪೆಟ್ಟಿಗೆಯೊಂದರಲ್ಲಿ ಗುಪ್ತವಾಗಿ ಬಿಳಿ ಅಥವಾ ಕಪ್ಪು ಗೋಲಿ ಹಾಕುವುದು ಅಲ್ಲಿನ ಪದ್ಧತಿ. ಒಂದೆರಡು ಕಪ್ಪು ಗೋಲಿ ಬಿದ್ದರೆ ಸಾಕು, ಅರ್ಜಿ ತಿರಸ್ಕೃತ. ಕಾರಣ ಹೇಳಬೇಕಾಗಿಯೂ ಇಲ್ಲ.

ಇದರ ಕಹಿಯನ್ನು ಅತಿ ಹೆಚ್ಚು ಉಂಡವರು ಜರ್ಮನಿಯ ಯಹೂದ್ಯರು. ಪ್ರಷ್ಯಾದ ಪ್ರಮುಖ ಲಾಡ್ಜ್‌ಗಳು ಸದಸ್ಯತ್ವ ಕ್ರೈಸ್ತರಿಗೆ ಮಾತ್ರ ಎಂದವು. ಬೇರೆ ದೇಶದಲ್ಲಿ ಮೇಸನ್ ಆಗಿ ಬಂದ ಯಹೂದ್ಯನನ್ನು ಅತಿಥಿಯಾಗಿ ಕೂರಿಸಿಕೊಳ್ಳುವುದೂ ಅಲ್ಲಿ ಬಹುಕಾಲದ ವಿವಾದವಾಗಿತ್ತು. 1808ರಲ್ಲಿ ಫ್ರಾಂಕ್‌ಫರ್ಟ್ ನಗರದ ಯಹೂದ್ಯರು ನೆಪೋಲಿಯನ್ ಕಾಲದ ಪ್ಯಾರಿಸ್‌ನಿಂದ ಅನುಮತಿ ಪಡೆದು ತಮ್ಮದೇ ಲಾಡ್ಜ್ ಸ್ಥಾಪಿಸಿದರು. ನೆಪೋಲಿಯನ್ ಪತನಾನಂತರ ಅವರು ಆಶ್ರಯ ಕೋರಬೇಕಾದದ್ದು ಲಂಡನ್ನಿನಲ್ಲಿ. ಸ್ವೀಡನ್ ಮೊದಲಾದ ಉತ್ತರದ ದೇಶಗಳಲ್ಲಿ ಬೆಳೆದ ಪದ್ಧತಿಯಂತೂ ಕ್ರೈಸ್ತ ವಿಶ್ವಾಸವನ್ನೇ ಸದಸ್ಯತ್ವದ ಷರತ್ತಾಗಿ ಉಳಿಸಿಕೊಂಡಿದೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಫ್ರೀಮೇಸನ್ ಎಂದರೆ ಯಹೂದ್ಯರ ಸಂಚು ಎಂದು ಹೇಳುವ ಪುಸ್ತಿಕೆಗಳು ನಮ್ಮ ನಡುವೆಯೂ ಓಡಾಡುತ್ತವೆ. ಈ ಕಥೆ ಹುಟ್ಟಿದ್ದು ಯುರೋಪಿನ ಯಹೂದ್ಯ ದ್ವೇಷಿಗಳ ಮನೆಯಲ್ಲಿ. ಇದಕ್ಕೆ ಆಧಾರವೆಂದು ತೋರಿಸುವ ‘ಪ್ರೊಟೊಕಾಲ್ಸ್’ ಎಂಬ ದಾಖಲೆ 1903ರಲ್ಲಿ ರಷ್ಯಾದಲ್ಲಿ ಮೊದಲು ಅಚ್ಚಾಯಿತು. ಅದು ಖೋಟಾ ಎಂಬುದನ್ನು 1921ರಲ್ಲಿ ಲಂಡನ್ನಿನ ‘ದ ಟೈಮ್ಸ್’ ಪತ್ರಿಕೆ ಬಯಲಿಗೆಳೆಯಿತು. ಯಹೂದ್ಯನಿಗೆ ಹೊಸ್ತಿಲು ದಾಟಲು ಬಿಡದ ಲಾಡ್ಜ್‌ಗಳಿದ್ದ ಸಂಘಟನೆಯನ್ನು ಯಹೂದ್ಯರ ಸೃಷ್ಟಿ ಎನ್ನುವುದು ಹೇಗೆ? ಪರಿಶೀಲಿಸದ ಸುದ್ದಿಯನ್ನು ಹರಡುವುದು ನಮಗೆ ಶೋಭೆಯಲ್ಲ. ಖೋಟಾ ಕಥೆಗಳಿಂದ ಮುಸ್ಲಿಮರು ಎಷ್ಟು ನೊಂದಿದ್ದಾರೆಂಬುದು ನಮಗೇ ಗೊತ್ತಿರುವಾಗ, ಇನ್ನೊಂದು ಸಮುದಾಯದ ಮೇಲಿನ ಖೋಟಾ ಕಥೆಯನ್ನು ನಾವು ಮುಂದಕ್ಕೆ ದಾಟಿಸಬಾರದು.

ಆರ್ಕಾಟಿನ ನವಾಬಜಾದೆ

ಭಾರತಕ್ಕೆ ಫ್ರೀಮೇಸನ್ನರು ಬಂದದ್ದು ಈಸ್ಟ್ ಇಂಡಿಯಾ ಕಂಪನಿಯ ಜೊತೆಯಲ್ಲಿ. 1730ರ ಸುಮಾರಿಗೆ ಕಲ್ಕತ್ತಾದಲ್ಲಿ ಮೊದಲ ಲಾಡ್ಜ್ ಆರಂಭವಾಯಿತು. ಅಲ್ಲಿದ್ದವರೆಲ್ಲ ಯುರೋಪಿಯನ್ನರು.

1770ರ ದಶಕದಲ್ಲಿ ಆರ್ಕಾಟಿನ ನವಾಬ ಮುಹಮ್ಮದ್ ಅಲಿ ವಾಲಾಜಾಹರ ಹಿರಿಯ ಮಗ ಉಮ್ದತುಲ್ ಉಮರಾ ತಿರುಚಿನಾಪಳ್ಳಿಯಲ್ಲಿ ಫ್ರೀಮೇಸನ್ ಆದರು. ಸುದ್ದಿ ಲಂಡನ್ ತಲುಪಿದಾಗ ಅಲ್ಲಿನ ಗ್ರ್ಯಾಂಡ್ ಲಾಡ್ಜ್ ಹರ್ಷಪಟ್ಟು ಅಭಿನಂದನಾ ಪತ್ರ, ಅಂದವಾದ ಏಪ್ರನ್ ಮತ್ತು ನಿಯಮಾವಳಿಯ ಪ್ರತಿಯನ್ನು ಕಳುಹಿಸಿತು. ನವಾಬಜಾದೆ ಪರ್ಷಿಯನ್ ಭಾಷೆಯಲ್ಲಿ ವಿನಯದ ಉತ್ತರ ಬರೆದರು. ಒಬ್ಬ ಮುಸ್ಲಿಮ್ ರಾಜಕುಮಾರನಿಗೆ ಅಂದಿನ ಇಂಗ್ಲಿಷರು ‘ಸೋದರ’ ಎಂದು ಬರೆದದ್ದು ಗಮನಾರ್ಹ.

ಮುಂದೇನಾಯಿತು? 1795ರಲ್ಲಿ ಉಮ್ದತುಲ್ ಉಮರಾ ನವಾಬರಾದರು. 1799ರಲ್ಲಿ ನಮ್ಮ ಶ್ರೀರಂಗಪಟ್ಟಣದ ಪತನವಾಗಿ ಟಿಪ್ಪು ಸುಲ್ತಾನರು ಹುತಾತ್ಮರಾದರು. ಅರಮನೆಯ ಕಾಗದಪತ್ರಗಳಲ್ಲಿ ಆರ್ಕಾಟಿನ ನವಾಬರು ಟಿಪ್ಪುವಿನೊಂದಿಗೆ ಗುಟ್ಟಾಗಿ ವ್ಯವಹರಿಸಿದ ಸಾಕ್ಷ್ಯ ದೊರೆಯಿತೆಂದು ಕಂಪನಿ ಆಪಾದಿಸಿತು. 1801ರ ಜುಲೈಯಲ್ಲಿ ಉಮ್ದತುಲ್ ಉಮರಾ ತೀರಿಕೊಂಡ ಕೂಡಲೇ ಅದೇ ನೆಪ ಮುಂದಿಟ್ಟು ಕರ್ನಾಟಿಕ್ ರಾಜ್ಯದ ಆಡಳಿತವನ್ನು ಕಸಿದುಕೊಂಡಿತು. ಲಂಡನ್ನಿನಿಂದ ಬಂದ ಏಪ್ರನ್ ನವಾಬರ ವಂಶದ ರಾಜ್ಯವನ್ನು ಉಳಿಸಲಿಲ್ಲ. ಲಾಡ್ಜ್‌ನ ಒಳಗೆ ಸೋದರತ್ವ, ಹೊರಗೆ ಸಾಮ್ರಾಜ್ಯ.

ಇದೇ ಕಾಲದಲ್ಲಿ ಲಖನೌದ ಮಿರ್ಜಾ ಅಬೂ ತಾಲಿಬ್ ಖಾನ್ ಇಂಗ್ಲೆಂಡ್ ಪ್ರವಾಸ ಕೈಗೊಂಡಿದ್ದರು. ಫ್ರೀಮೇಸನ್ನರು ಅವರನ್ನೂ ಆಹ್ವಾನಿಸಿದರು. ಅನ್ಯರ ಧರ್ಮದಲ್ಲಿ ಅವರು ತಲೆಹಾಕುವುದಿಲ್ಲ ಎಂಬುದನ್ನು ಮಿರ್ಜಾ ತಮ್ಮ ಪರ್ಷಿಯನ್ ಪ್ರವಾಸ ಕಥನದಲ್ಲಿ ದಾಖಲಿಸಿದ್ದಾರೆ. ಆದರೆ ಸದಸ್ಯರಾಗಲು ಒಪ್ಪದೆ ನಯವಾಗಿ ಜಾರಿಕೊಂಡರು.

ಮುಂಬಯಿ ಮತ್ತು ಕಲ್ಕತ್ತಾದ ಹೋರಾಟ

ರಾಜಕುಮಾರರಿಗೆ ಸಿಕ್ಕಿದ ಸ್ವಾಗತ ಸಾಮಾನ್ಯ ಭಾರತೀಯರಿಗೆ ಸಿಗಲಿಲ್ಲ. ಮುಂಬಯಿಯ ಪಾರ್ಸಿ ಗೃಹಸ್ಥ ಮಾಣೇಕ್‌ಜಿ ಕರ್ಸೆಟ್‌ಜಿ ಅವರಿಗೆ ಸ್ವಂತ ಊರಿನ ಲಾಡ್ಜ್ ಪ್ರವೇಶ ನೀಡಲಿಲ್ಲ. ಅವರು ಪ್ಯಾರಿಸ್‌ಗೆ ಹೋಗಿ ಅಲ್ಲಿ ಸದಸ್ಯರಾಗಿ ಬಂದರು. ಕೊನೆಗೆ 1843ರಲ್ಲಿ ಡಾ. ಜೇಮ್ಸ್ ಬರ್ನ್ಸ್ ಎಂಬ ಸ್ಕಾಟಿಷ್ ವೈದ್ಯರ ಪ್ರಯತ್ನದಿಂದ ‘ರೈಸಿಂಗ್ ಸ್ಟಾರ್ ಆಫ್ ವೆಸ್ಟರ್ನ್ ಇಂಡಿಯಾ’ ಎಂಬ ಲಾಡ್ಜ್ ಭಾರತೀಯರಿಗಾಗಿಯೇ ಸ್ಥಾಪನೆಯಾಯಿತು. ಅದರ ಆರಂಭದ ಸದಸ್ಯರು ಪಾರ್ಸಿಗಳು ಮತ್ತು ಮುಸ್ಲಿಮರು.

ಹಿಂದೂಗಳ ಸರದಿ ಇನ್ನೂ ತಡವಾಗಿ ಬಂತು. ಏಕದೇವನಲ್ಲಿ ನಂಬಿಕೆ, ಪ್ರಮಾಣ ಮಾಡಲು ಒಂದು ಪವಿತ್ರ ಗ್ರಂಥ, ಈ ಎರಡನ್ನು ಮುಂದಿಟ್ಟು ಅಳೆದ ಇಂಗ್ಲಿಷ್ ಮೇಸನ್ನರಿಗೆ ಮುಸ್ಲಿಮರು, ಪಾರ್ಸಿಗಳು ಒಪ್ಪಿತರಾದರು, ಹಿಂದೂಗಳು ಆಗಲಿಲ್ಲ. ಹಿಂದೂಗಳು ಅನೇಕ ದೇವರನ್ನು ಪೂಜಿಸುತ್ತಾರೆ, ಜಾತಿ ಆಚರಿಸುವವರು ಸೋದರತ್ವ ಪಾಲಿಸುವುದು ಹೇಗೆ ಎಂದೆಲ್ಲ ಆಕ್ಷೇಪಿಸಲಾಯಿತು. ಬಂಗಾಳದಲ್ಲಿ ಪ್ರಾಂತೀಯ ಮುಖ್ಯಸ್ಥರ ಅನುಮತಿಯಿಲ್ಲದೆ ಏಷ್ಯಾದವರನ್ನು ಸೇರಿಸಕೂಡದೆಂಬ ಉಪನಿಯಮವೇ ಇತ್ತು. ಕಲ್ಕತ್ತಾದ ವರ್ತಕ ಪ್ರಸನ್ನ ಕುಮಾರ ದತ್ತರು 1863ರಲ್ಲಿ ಪ್ರವೇಶ ಕೋರಿದರು. ಸೋಲೊಪ್ಪದೆ ಲಂಡನ್‌ವರೆಗೂ ದೂರು ಒಯ್ದರು. ಒಂಬತ್ತು ವರ್ಷಗಳ ನಂತರ, 1872ರಲ್ಲಿ, ಅವರಿಗೆ ಬಾಗಿಲು ತೆರೆಯಿತು. ಹನ್ನೆರಡು ವರ್ಷಗಳ ಬಳಿಕ, 1884ರಲ್ಲಿ, ಅದೇ ನಗರದ ಲಾಡ್ಜ್ ಒಂದಕ್ಕೆ ನರೇಂದ್ರನಾಥ ದತ್ತ ಎಂಬ ತರುಣ ಸೇರಿದರು. ಅವರೇ ಮುಂದೆ ಸ್ವಾಮಿ ವಿವೇಕಾನಂದರಾದರು.

ವಿಚಿತ್ರವೆಂದರೆ, ಪ್ರವೇಶ ನಿರಾಕರಿಸಿದವರೂ ಪ್ರವೇಶ ಕೋರಿದವರೂ ಒಂದೇ ನಿಯಮಾವಳಿಯನ್ನು ಕೈಯಲ್ಲಿ ಹಿಡಿದು ವಾದಿಸಿದರು. 1813ರಲ್ಲಿ ಇಂಗ್ಲೆಂಡಿನ ಎರಡು ಗ್ರ್ಯಾಂಡ್ ಲಾಡ್ಜ್‌ಗಳು ಒಂದಾದ ಮೇಲೆ ಡ್ಯೂಕ್ ಆಫ್ ಸಸೆಕ್ಸ್ ಅವರ ನೇತೃತ್ವದಲ್ಲಿ ವಿಧಿಗಳಲ್ಲಿದ್ದ ಕ್ರೈಸ್ತ ಅಂಶಗಳನ್ನು ಬಹುಮಟ್ಟಿಗೆ ತೆಗೆದುಹಾಕಲಾಗಿತ್ತು. ‘ವಿಶ್ವದ ಮಹಾಶಿಲ್ಪಿ’ಯನ್ನು ನಂಬುವ ಯಾರೂ ಸದಸ್ಯರಾಗಬಹುದಿತ್ತು. ದತ್ತರು ಮಾಡಿದ್ದು ಇಷ್ಟೇ: ನೀವೇ ಬರೆದ ಮಾತನ್ನು ನೀವೇ ಪಾಲಿಸಿ ಎಂದು ಕೇಳಿದರು.

ಅಮೀರ್ ಅಬ್ದುಲ್ ಖಾದಿರ್ ಮತ್ತು ಜಮಾಲುದ್ದೀನ್ ಅಫ್ಘಾನಿ

ಮುಸ್ಲಿಮ್ ಜಗತ್ತಿನ ಇಬ್ಬರು ಮಹಾಪುರುಷರ ಹೆಸರೂ ಈ ಇತಿಹಾಸದಲ್ಲಿ ಬರುತ್ತದೆ. ಫ್ರೆಂಚರ ವಿರುದ್ಧ ಹದಿನೈದು ವರ್ಷ ಹೋರಾಡಿ, ಸೆರೆಯಾಗಿ, ಬಳಿಕ ದಮಾಸ್ಕಸ್‌ನಲ್ಲಿ ನೆಲೆಸಿದ್ದ ಅಲ್ಜೀರಿಯಾದ ಅಮೀರ್ ಅಬ್ದುಲ್ ಖಾದಿರ್ ಅವರಲ್ಲಿ ಒಬ್ಬರು. 1860ರ ಜುಲೈಯಲ್ಲಿ ಆ ನಗರದಲ್ಲಿ ಕ್ರೈಸ್ತರ ಹತ್ಯಾಕಾಂಡ ನಡೆದಾಗ ಅಮೀರರು ತಮ್ಮ ಅನುಚರರೊಡನೆ ಬೀದಿಗಿಳಿದು ಸಾವಿರಾರು ಕ್ರೈಸ್ತರನ್ನು ರಕ್ಷಿಸಿದರು. ಇದನ್ನು ಕೇಳಿದ ಪ್ಯಾರಿಸ್‌ನ ‘ಹೆನ್ರಿ 4’ ಲಾಡ್ಜ್ ಅವರಿಗೆ ಅಭಿನಂದನೆ ಸಲ್ಲಿಸಿ ಸದಸ್ಯತ್ವಕ್ಕೆ ಆಹ್ವಾನಿಸಿತು. 1864ರಲ್ಲಿ ಅಲೆಕ್ಸಾಂಡ್ರಿಯಾದಲ್ಲಿ ಆ ಲಾಡ್ಜ್‌ನ ಪರವಾಗಿ ಅವರನ್ನು ಸೇರಿಸಿಕೊಳ್ಳಲಾಯಿತು.

ಇಲ್ಲಿ ಯಾವುದು ಮೊದಲು, ಯಾವುದು ನಂತರ ಎಂಬುದು ಮುಖ್ಯ. ಅಮೀರರು ಕ್ರೈಸ್ತರ ಜೀವ ಉಳಿಸಿದ್ದು ಲಾಡ್ಜ್‌ನ ಪತ್ರ ಬರುವ ಮೊದಲು. ತಾವು ಮಾಡಿದ್ದು ಇಸ್ಲಾಮೀ ಶರೀಅತ್ ಮತ್ತು ಮಾನವೀಯತೆಯ ಹಕ್ಕುಗಳು ವಿಧಿಸಿದ ಕರ್ತವ್ಯವೆಂದು ಅವರೇ ಅಲ್ಜಿಯರ್ಸ್‌ನ ಬಿಷಪ್‌ಗೆ ತಿಳಿಸಿದ್ದರು. ಅವರ ಸಹಿಷ್ಣುತೆ ತಮ್ಮ ಧರ್ಮವನ್ನು ಬದಿಗಿಟ್ಟು ಬಂದದ್ದಲ್ಲ, ಧರ್ಮದೊಳಗಿನಿಂದಲೇ ಬಂದದ್ದು.

ಇನ್ನೊಬ್ಬರು ಜಮಾಲುದ್ದೀನ್ ಅಫ್ಘಾನಿ. 1875ರಲ್ಲಿ ಕೈರೋದಲ್ಲಿ ಲಾಡ್ಜ್‌ಗೆ ಅರ್ಜಿ ಸಲ್ಲಿಸಿದ ಅವರು 1878ರಲ್ಲಿ ‘ಕೌಕಬುಶ್ಶರ್ಕ್’ ಲಾಡ್ಜ್‌ನ ಅಧ್ಯಕ್ಷರಾದರು. ಅವರ ಶಿಷ್ಯ ಮುಹಮ್ಮದ್ ಅಬ್ದುಹು ಕೂಡ ಸದಸ್ಯರಾಗಿದ್ದರು. ರಾಜಕೀಯ ಮಾತನಾಡಬಾರದೆಂಬ ನಿಯಮ ಅಫ್ಘಾನಿಗೆ ಒಗ್ಗಲಿಲ್ಲ. ಸ್ವಾತಂತ್ರ್ಯ, ಸಮಾನತೆಯ ಮಾತಾಡುವವರು ಅನ್ಯಾಯದ ಎದುರು ಮೌನವಾಗಿರುವುದು ಅವರಿಗೆ ಹೇಡಿತನವಾಗಿ ಕಂಡಿತು. ಅವರು ಆ ಲಾಡ್ಜ್‌ನಿಂದ ದೂರವಾದರು. 1879ರಲ್ಲಿ ಈಜಿಪ್ಟಿನಿಂದ ಗಡೀಪಾರಾಗಿ ಅವರು ಬಂದು ನೆಲೆಸಿದ್ದು ನಮ್ಮ ನೆರೆಯ ಹೈದರಾಬಾದಿನಲ್ಲಿ.

ಆಕ್ಷೇಪಗಳು

ಫ್ರಾನ್ಸ್‌ನ ಗ್ರ್ಯಾಂಡ್ ಓರಿಯೆಂಟ್ 1877ರಲ್ಲಿ ದೇವರ ಮೇಲಿನ ನಂಬಿಕೆಯ ಷರತ್ತನ್ನೇ ಕೈಬಿಟ್ಟಿತು. ನಾಸ್ತಿಕನ ಮನಸ್ಸಾಕ್ಷಿಗೂ ಸ್ವಾತಂತ್ರ್ಯವಿರಬೇಕೆಂಬುದು ಅವರ ವಾದ. ಇಂಗ್ಲೆಂಡಿನವರು ಇದನ್ನು ಒಪ್ಪದೆ ಸಂಬಂಧ ಕಡಿದುಕೊಂಡರು. ಸಹಿಷ್ಣುತೆಗೆ ಗಡಿ ಎಲ್ಲಿ ಎಂಬ ಪ್ರಶ್ನೆ ಆ ಸಂಘಟನೆಯನ್ನೇ ಎರಡಾಗಿ ಒಡೆಯಿತು.

ಮುಸ್ಲಿಮ್ ವಿದ್ವಾಂಸರ ಆಕ್ಷೇಪವೂ ಗಂಭೀರವಾದದ್ದೇ. 1978ರಲ್ಲಿ ಮಕ್ಕಾದ ಫಿಕ್ಹ್ ಮಂಡಳಿ ಈ ಸಂಘಟನೆಯನ್ನು ಅಪಾಯಕಾರಿ ಎಂದು ಘೋಷಿಸಿ ಮುಸ್ಲಿಮರು ಅದರಿಂದ ದೂರವಿರಬೇಕೆಂದಿತು. ಕೆಥೊಲಿಕ್ ಚರ್ಚ್ ಕೂಡ 1983ರಲ್ಲಿ ತನ್ನ ನಿಷೇಧವನ್ನು ಪುನರುಚ್ಚರಿಸಿತು. ಬಚ್ಚಿಟ್ಟ ವಿಷಯಕ್ಕೆ ಮುಂಚಿತವಾಗಿ ಪ್ರಮಾಣ ಮಾಡುವುದು ಸರಿಯೇ? ಎಲ್ಲರೂ ಒಪ್ಪುವ ಧರ್ಮ ಎಂದಾಗ ಪ್ರತಿಯೊಂದು ಧರ್ಮದ ತಿರುಳು ಎಲ್ಲಿ ಹೋಗುತ್ತದೆ? ಇವು ಉತ್ತರ ಬೇಡುವ ಪ್ರಶ್ನೆಗಳು. ಇವನ್ನು ಎತ್ತಲು ಸಂಚಿನ ಕಥೆಗಳ ಊರುಗೋಲು ಬೇಕಾಗಿಲ್ಲ.

ಭಾರತದ ಮಟ್ಟಿಗೆ 1961ರಲ್ಲಿ ಗ್ರ್ಯಾಂಡ್ ಲಾಡ್ಜ್ ಆಫ್ ಇಂಡಿಯಾ ಸ್ಥಾಪನೆಯಾದಾಗ ಅದರ ಮೊದಲ ಗ್ರ್ಯಾಂಡ್ ಮಾಸ್ಟರ್ ಆದವರು ರಾಂಪುರದ ನವಾಬ ಸಯ್ಯಿದ್ ರಝಾ ಅಲಿ ಖಾನ್. ಭಾರತದ ಲಾಡ್ಜ್‌ಗಳಲ್ಲಿ ಕುರ್‌ಆನ್, ಗೀತೆ, ಬೈಬಲ್, ಗುರು ಗ್ರಂಥ ಸಾಹಿಬ್, ಝೆಂಡ್ ಅವೆಸ್ತಾಗಳನ್ನು ಒಟ್ಟಿಗೆ ಇಡುವ ಪದ್ಧತಿಯಿದೆ.

ನಮಗೇನು ಪಾಠ?

ನಾವು ಆ ಸಂಘಟನೆಯನ್ನು ಸೇರಬೇಕೇ ಎಂಬುದು ಈ ಲೇಖನದ ಪ್ರಶ್ನೆಯಲ್ಲ. ಅದಕ್ಕೆ ವಿದ್ವಾಂಸರ ಉತ್ತರವಿದೆ. ವಿದ್ಯಾರ್ಥಿಗಳು ಗಮನಿಸಬೇಕಾದದ್ದು ಬೇರೆ. ಸಹಿಷ್ಣುತೆ ನಿಯಮಾವಳಿಯ ಮೊದಲ ಪುಟದಲ್ಲಿ ಇರುವುದು ಸುಲಭ. ಹೊಸಬನ ಅರ್ಜಿ ಮೇಜಿನ ಮೇಲೆ ಬಂದಾಗ ಅದರ ನಿಜವಾದ ಪರೀಕ್ಷೆ. ಯಾರೂ ಕಾಣದಂತೆ ಗೋಲಿ ಹಾಕುವ ಕೈ ಏನು ಮಾಡುತ್ತದೆ ಎಂಬುದರಲ್ಲಿ ಸಂಘಟನೆಯ ನಿಜಬಣ್ಣವಿರುತ್ತದೆ.

ಮದೀನಾದ ಒಡಂಬಡಿಕೆಯಲ್ಲಿ ಪ್ರವಾದಿಯವರು (ಸ) ಮುಸ್ಲಿಮರಿಗೂ ಯಹೂದ್ಯರಿಗೂ ಅವರವರ ಧರ್ಮವನ್ನು ಉಳಿಸಿಕೊಟ್ಟೇ ಒಂದೇ ನಗರದ ಹೊಣೆಯನ್ನು ಹಂಚಿದ್ದರು. ಅದು ಎಲ್ಲರಿಗೂ ಗೊತ್ತಿದ್ದ ಬಹಿರಂಗ ಕರಾರು. ಅಂಥ ಪರಂಪರೆ ನಮ್ಮದೆಂದು ಹೆಮ್ಮೆಪಡುವ ನಾವು ನಮ್ಮ ಬಾಗಿಲನ್ನೂ ಒಮ್ಮೆ ನೋಡಿಕೊಳ್ಳಬೇಡವೇ? ನಮ್ಮ ಶಾಲೆ, ಹಾಸ್ಟೆಲ್, ವಿದ್ಯಾರ್ಥಿವೇತನಗಳ ನಿಯಮಗಳಲ್ಲಿ ಬರೆದದ್ದೊಂದು, ಸಮಿತಿಯ ಕೋಣೆಯಲ್ಲಿ ನಡೆಯುವುದೊಂದು ಆಗುತ್ತಿದೆಯೇ? ಜಮಾಅತ್, ಪಂಗಡ, ಮನೆತನ ನೋಡಿ ಅರ್ಜಿ ಬದಿಗೆ ಸರಿಯುತ್ತಿದೆಯೇ? ಒಂಬತ್ತು ವರ್ಷ ಬಾಗಿಲು ತಟ್ಟಿದ ಪ್ರಸನ್ನ ಕುಮಾರ ದತ್ತರಂಥವರು ನಮ್ಮ ಸಂಸ್ಥೆಗಳ ಹೊಸ್ತಿಲಲ್ಲೂ ಕಾದು ನಿಂತಿರಬಹುದು. ಮುಂದೆ ಈ ಸಂಸ್ಥೆಗಳನ್ನು ನಡೆಸಲಿರುವ ಯುವಕ ಯುವತಿಯರು ಇದನ್ನು ನೆನಪಿನಲ್ಲಿಟ್ಟುಕೊಂಡರೆ ಇತಿಹಾಸ ಓದಿದ್ದು ಸಾರ್ಥಕವಾಗುತ್ತದೆ.